ಸೋಬಾನೆ ಪದಗಳಿಗೆ ನಾನು ಹಾಕಿದ ಬೀಗ

1997ರ ಮಾತು. ನಿವೃತ್ತನಾದ ಮೇಲೆ ಜೆ.ಪಿ. ನಗರದ ನಮ್ಮ ಬಡಾವಣೆ ಸಂಘದ ಸಣ್ಣ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ಹಾಗಾಗಿ ಸಂಘದವರು ಲೈಬ್ರರಿ ತರಬೇತಿಗೂ ಕಳಿಸಿದ್ದರು. ಪುಸ್ತಕ ಇರುವುದು ಬಳಸುವುದಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಓದುಗ ಸಿಗಬೇಕು ಎಂದೆಲ್ಲ ಅಲ್ಲಿ ಹೇಳಿಕೊಟ್ಟರು. ಅದನ್ನು ದುಂಡಗೆ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದೆ. ಮತ್ತೆ ಸಿಗದಂಥ ಪುಸ್ತಕಗಳನ್ನೆಲ್ಲ ಅದೇ ಬೀರುವಿನಲ್ಲಿಟ್ಟು ಬೀಗ ಹಾಕಿದೆ!

ಒಂದು ದಿನ ಕೋಣನಕುಂಟೆಯ ಗೌರಮ್ಮ ಬಂದರು. ಅವರ ಅತ್ತೆ ಹಾಡುತ್ತಿದ್ದ ಸೋಬಾನೆ ಪದಗಳನ್ನು ಊರಿನ ಮೇಷ್ಟ್ರೊಬ್ಬರು ಹಿಂದೆ ಪುಸ್ತಕ ಮಾಡಿಸಿದ್ದರು. ಅತ್ತೆ ತೀರಿಹೋಗಿದ್ದರು. ಮನೆಯ ಪ್ರತಿಯನ್ನು ಯಾರೋ ಒಯ್ದವರು ತಂದುಕೊಟ್ಟಿರಲಿಲ್ಲ. ಉಳಿದದ್ದು ನಮ್ಮ ಬೀರುವಿನಲ್ಲಿದ್ದ ಒಂದೇ.

“ದೊಡ್ಡ ಮಗಳ ಮದುವೆ ಸಾರ್. ನಾಲ್ಕು ದಿನಕ್ಕೆ ಕೊಡಿ.”

“ಮನೆಗೆ ಕೊಡಲ್ಲಮ್ಮ. ಇಲ್ಲೇ ಕೂತು ಓದ್ಕೊಳ್ಳಿ.”

“ಹಸೆ ಮೇಲೆ ಕೂರ್ಸಿ ಹಾಡೋದು ಸಾರ್ ಅದು. ಮದುಮಗಳ್ನ ಇಲ್ಲಿಗೇ ಕರ್ಕೊಂಡ್ ಬರ್ಲಾ?”

ಪೇಪರ್ ಓದುತ್ತಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. “ರೂಲ್ಸ್ ಅಂದ್ರೆ ರೂಲ್ಸ್” ಎಂದುಬಿಟ್ಟೆ. ಆಕೆ ಬರಿಗೈಯಲ್ಲಿ ಹೋದರು.

2005ರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಲು ಕವಿತಾ ಎಂಬ ಹುಡುಗಿ ಬಂದಳು. ಸುದ್ದಿ ತಿಳಿದು ಗೌರಮ್ಮ ಫೋನ್ ಮಾಡಿದರು. “ಚಿಕ್ಕವಳ ಮದುವೆ ಗೊತ್ತಾಗಿದೆ. ಈಗ್ಲಾದ್ರೂ ಕೊಡ್ತೀರಾ ಸಾರ್? ನಮಗೆ ಪದ ಎಲ್ಲಾ ಅರ್ಧಂಬರ್ಧ ನೆನಪಿರೋದು.”

ನಾನು ವರ್ಷಗಳಿಂದ ತೆಗೆಯದಿದ್ದ ಬೀರು ತೆಗೆದೆ. ಒಳಗೆಲ್ಲ ಗೆದ್ದಲು. ಮುಟ್ಟಿದ ಪುಸ್ತಕವೆಲ್ಲ ಕೈಯಲ್ಲೇ ಪುಡಿಯಾಯಿತು. ಸೋಬಾನೆ ಪುಸ್ತಕವೂ ಅದರಲ್ಲೇ ಹೋಯಿತು ಅಂದುಕೊಂಡೆ. ಆಕೆಗೆ ಯಾವ ಮುಖದಲ್ಲಿ ಹೇಳಲಿ?

ಮನೆಗೆ ಬಂದು ಊಟಕ್ಕೆ ಕೂತಾಗ ಎಲ್ಲ ಹೇಳಿಕೊಂಡೆ. ವಿಷಯ ಕೇಳಿದ ಹೆಂಡತಿ ಶಾರದಾ, “ಸೋಬಾನೆ ಪುಸ್ತಕಾನಾ? ಅದು ಬೀರುನಲ್ಲಿ ಎಲ್ಲಿದೆ? ನಿಮಗೆ ಕಾಮಾಲೆ ಆಗಿ ನಾನು ಲೈಬ್ರರಿ ನೋಡ್ಕೊಂಡಿದ್ನಲ್ಲ, ಆಗ ಮಹಾದೇವಿಗೆ ಕೊಟ್ಟೆ” ಎಂದಳು.

“ನನ್ನನ್ನ ಕೇಳ್ದೇನೇ?”

“ಕೇಳಿದ್ರೆ ಕೊಡ್ತಿದ್ರಾ?”

ಲೈಬ್ರರಿಗೆ ಬರುತ್ತಿದ್ದ ಮಹಾದೇವಿ ಗದಗದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ಆಟೋ ಹಿಡಿದು ಓಡಿದೆ. ಅವಳು ಪುಸ್ತಕ ತಂದುಕೊಟ್ಟಳು. ಅರಿಶಿನದ ಕಲೆ, ಎಣ್ಣೆ ಜಿಡ್ಡು, ಬಿಚ್ಚಿದ ಕಡೆ ದಾರದ ಹೊಲಿಗೆ. ಆದರೆ ಒಂದು ಪುಟವೂ ಹೋಗಿರಲಿಲ್ಲ.

“ಭಾಳ ಮದುವ್ಯಾಗ ಹಾಡೇವ್ರಿ. ಕೊಡೂದು ತಡಾ ಆತು, ಬೈಬ್ಯಾಡ್ರಿ ಅಜ್ಜಾರ.”

ಬೈಯುವುದೆಲ್ಲಿಂದ ಬಂತು? ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗು ಬಂತು.

ಇಷ್ಟಾದರೂ ಬುದ್ಧಿ ಪೂರ್ತಿ ಬಂದಿರಲಿಲ್ಲ. ಸ್ಕ್ಯಾನ್ ಮುಗಿದಾಗ ಕವಿತಾಗೆ, “ಪಾಸ್‌ವರ್ಡ್ ಹಾಕಮ್ಮ. ಇಲ್ದಿದ್ರೆ ಎಲ್ಲರೂ ಕಾಪಿ ಮಾಡ್ಕೋತಾರೆ” ಎಂದೆ.

“ಮಾಡ್ಕೊಳ್ಲಿ ಅಂತಾನೇ ಅಲ್ವಾ ಅಂಕಲ್ ಇಷ್ಟೆಲ್ಲಾ ಮಾಡಿದ್ದು? ಇದಕ್ಕೂ ಬೀಗಾನಾ?”

ನಾಚಿಕೆಯಾಯಿತು. ಬೇಡ ಎಂದೆ.

ಪುಸ್ತಕವನ್ನು ನಾನೇ ಗೌರಮ್ಮನ ಮನೆಗೆ ಒಯ್ದು ಕೊಟ್ಟು, ಅಂದು ಕೊಡದೆ ತಪ್ಪು ಮಾಡಿದೆ ಎಂದೆ. “ಬಿಡಿ ಸಾರ್, ಚಿಕ್ಕವಳಿಗಾದ್ರೂ ಬಂತಲ್ಲ. ಕಾಫಿ ಕುಡೀರಿ” ಎಂದರು. ಅಂಥ ನಿರಾಳ ನನಗೆ ಮತ್ತೆಂದೂ ಆಗಿಲ್ಲ.

ಆದರೂ ಬೀರುವಿನಲ್ಲಿ ಗೆದ್ದಲು ತಿಂದ ಆ ಪುಸ್ತಕಗಳು ಆಗಾಗ ನೆನಪಾಗುತ್ತವೆ. ಅವಕ್ಕೂ ಎಲ್ಲೋ ಓದುಗರು ಇದ್ದೇ ಇದ್ದರು. ಕ್ಷಮೆ ಕೇಳೋಣವೆಂದರೆ ಅವರು ಯಾರೆಂದೇ ನನಗೆ ಗೊತ್ತಿಲ್ಲ.