ಉಗುರಿಗೆ ಹತ್ತಿದ ಕಂದು

ಇವತ್ತು ಬೆಳಿಗ್ಗೆ ನಮ್ಮೂರು ಹಿಂದೂಪುರದ ಪೋಸ್ಟ್ ಆಫೀಸಿನಲ್ಲಿ ಪಾರ್ಸಲ್ ಬಿಡಿಸಿಕೊಳ್ಳಲು ಹೋಗಿದ್ದೆ. ಸಹಿ ಹಾಕುವಾಗ ಕೌಂಟರಿನ ಹುಡುಗಿ ನನ್ನ ಬೆರಳುಗಳನ್ನೇ ನೋಡಿದಳು. ಉಗುರಿನ ಸಂದಿಗಳಲ್ಲೆಲ್ಲ ಕಂದು. "ಮೆಹಂದಿನಾ ಆಂಟಿ?" ಎಂದಳು. ನಾನೇನೆಂದೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನನ್ನ ಕೈಗಳ ಬಯೋಡೇಟಾ ಕೇಳಿ.

ನಮ್ಮದು ನೇಯ್ಗೆಯವರ ಮನೆ. ಅಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದರು, ಒದ್ದೆ ನೂಲಿನ ಲಡಿ ಹಿಂಡುವುದು ನನ್ನ ಪಾಲು. ಕಾನ್ವೆಂಟಿನಲ್ಲಿ ದಿನಾ ಪ್ರೇಯರ್ ಮುಗಿದ ಮೇಲೆ ಹ್ಯಾಂಡ್ಸ್ ಇನ್‌ಸ್ಪೆಕ್ಷನ್. ನನ್ನ ನೀಲಿ ಬೆರಳು ಕಂಡರೆ ಸಿಸ್ಟರ್ ನಲ್ಲಿಯ ಹತ್ತಿರ ನಿಲ್ಲಿಸಿ, "ಸ್ಕ್ರಬ್, ಚೈಲ್ಡ್" ಎನ್ನುತ್ತಿದ್ದರು. ಉಜ್ಜಿದೆ ನೋಡಿ, ಎಂಥಾ ಉಜ್ಜು! ಆಮೇಲೆ ಟೀಚರಾಗಿ ರಿಟೈರಾಗುವವರೆಗೆ ಸೀಮೆಸುಣ್ಣ ಬಿಟ್ಟು ಬೇರೇನೂ ಈ ಕೈಗೆ ಹತ್ತಲು ಬಿಡಲಿಲ್ಲ.

ಎರಡು ವರ್ಷದ ಹಿಂದೆ ತಂಗಿಯ ಮಂಡಿ ಆಪರೇಷನ್ ಆಯಿತೆಂದು ಕಲ್ಯಾಣದುರ್ಗದ ಅವಳ ಮನೆಯಲ್ಲಿ ಮೂರು ತಿಂಗಳು ಉಳಿದೆ. ಅಲ್ಲಿ ಚಪ್ಪಲಿ ಕಿತ್ತುಹೋಗಿ, ಬಸ್ ಸ್ಟ್ಯಾಂಡಿನ ಪಕ್ಕ ಚರ್ಮದ ಕೆಲಸ ಮಾಡುವ ನರಸಿಂಹಪ್ಪನ ಅಂಗಡಿಗೆ ಹೋದೆ. ಗಿಳಿ ಕೆತ್ತಿದ ಒಂದು ಚರ್ಮದ ಚೀಲ ಗೋಡೆಗೆ ತೂಗುಹಾಕಿತ್ತು. ನೂರು ವರ್ಷ ಯಾರದೋ ಹೆಗಲ ಮೇಲಿದ್ದ ಹಾಗೆ ಕಾಣುತ್ತಿತ್ತು.

"ಯಾವ ಕಾಲದ್ದಪ್ಪಾ ಇದು?"

"ನಿನ್ನೆ ಮಾಡಿದ್ದು ಕಣಮ್ಮ. ಆಂಟಿಕ್ ಫಿನಿಶಿಂಗು."

ಕಲಿಸುತ್ತೀಯಾ ಅಂದೆ. ನರಸಿಂಹಪ್ಪ ನಕ್ಕ. "ಟೀಚರಮ್ಮ, ಈ ಬಣ್ಣ ಕೈ ಬುಡಲ್ಲ. ಆಮ್ಯಾಕೆ ನನ್ನ ಬೈದೀರಾ." ಅವನದೊಂದು ಕಬ್ಬಿಣದ ಅಚ್ಚಿತ್ತು, ಸಣ್ಣ ಎಲೆಯದು. ಒಪ್ಪಿಗೆಯಾದ ಚೀಲದ ಹಿಂದೆ ಮಾತ್ರ ಅದನ್ನು ಒತ್ತುತ್ತಿದ್ದ. ಆ ಎಲೆ ನನಗೆ ಬೇಕಾಯಿತು. ಈ ವಯಸ್ಸಿನಲ್ಲಿ ಏನು ಆಸೆ ಅಂತ ನೀವು ನಗಬಹುದು, ಬೇಕಾಯಿತು, ಅಷ್ಟೆ.

ಕೊನೆಗೆ ಒಪ್ಪಿದ. ಅವನು ಗಿಳಿ ಕೆತ್ತಿ ಕೊಟ್ಟ ಚೀಲಕ್ಕೆ ಡೈ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಬೇಕು. ನನ್ನದು ಮೊದಮೊದಲು ಇಂಡಿಯಾ ಮ್ಯಾಪಿನಂತೆ ಬಂತು. ಅದು ಸರಿಹೋಯಿತು. ಕೆಟ್ಟದ್ದು ಕೊನೆಯಲ್ಲಿ. ಕೆತ್ತನೆಯ ಮೇಲೆ ಕಪ್ಪು ಪೇಸ್ಟ್ ತಿಕ್ಕಿ, ಮೇಲಿನದನ್ನು ಒರೆಸಿ ತೆಗೆಯಬೇಕು. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗಿಳಿಯ ರೆಕ್ಕೆಯ ಗೆರೆಗಳಲ್ಲಿ ಉಳಿದಿದ್ದನ್ನು ಹೇರ್‌ಪಿನ್ನಿನಿಂದ ಕೆದಕಿ ತೆಗೆದೆ. ಎಷ್ಟು ನೀಟಾಗಿದೆ ಎಂದು ಬೀಗಿದೆ ಕೂಡ.

ನರಸಿಂಹಪ್ಪ ತಿರುಗಿಸಿ ನೋಡಿದ. "ಅನ್ನ ಉಂಡ ತಟ್ಟೆ ತೊಳ್ದಂಗೆ ತೊಳ್ದ್ಬುಟ್ಟಿದ್ದೀರಲ್ಲಮ್ಮಾ. ಆ ಕಪ್ಪೇ ಅಲ್ವಾ ಗಿಳೀಗೆ ಜೀವ? ಮ್ಯಾಲಿಂದು ಒರ್ಸಿ, ಒಳಗಿಂದು ಬುಟ್ಬುಡಿ."

ಅಚ್ಚು ಬೀಳಲಿಲ್ಲ. ಎರಡನೆಯದಕ್ಕೂ ಇಲ್ಲ, ಕೈ ತಾನಾಗಿ ಉಜ್ಜುತ್ತಿತ್ತು, ಬೆನ್ನ ಹಿಂದೆ ಕಾನ್ವೆಂಟಿನ ಸಿಸ್ಟರ್ ನಿಂತಿದ್ದ ಹಾಗೆ. ತಂಗಿಯ ಮಂಡಿ ವಾಸಿಯಾಗಿ ನಾನು ಊರಿಗೆ ಹೊರಡುವ ವಾರ ಮೂರನೆಯ ಚೀಲ. ಅವತ್ತು ನರಸಿಂಹಪ್ಪ ನೀರಿನ ಬಕೆಟ್ಟನ್ನೇ ಎತ್ತಿಟ್ಟ. "ಇದು ನಂತಾವ ಇರ್ಲಿ." ಒಣ ಬಟ್ಟೆಯಲ್ಲಿ ಒಂದೇ ಸಲ ಹಗುರವಾಗಿ ಎಳೆದೆ. ಆಮೇಲೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕೂತುಬಿಟ್ಟೆ.

ಅವನು ಚೀಲವನ್ನು ಬಾಗಿಲ ಬೆಳಕಿಗೆ ಹಿಡಿದ. ರೆಕ್ಕೆಯ ಪ್ರತಿ ಗೆರೆಯಲ್ಲೂ ಕಪ್ಪು ನಿಂತಿತ್ತು. ಕಲ್ಲಿನ ಮೇಲಿಟ್ಟು, ಅಚ್ಚಿಟ್ಟು, ಒಂದೇ ಏಟು.

"ಪರ್ವಾಲೇದು, ಟೀಚರಮ್ಮ."

ನರಸಿಂಹಪ್ಪನ ಬಾಯಲ್ಲಿ 'ಪರವಾಗಿಲ್ಲ' ಅಂದರೆ ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್. ಊರಿಗೆ ಬಂದ ಮೇಲೂ ಶನಿವಾರ ಬಂತೆಂದರೆ ಕಲ್ಯಾಣದುರ್ಗದ ಬಸ್ಸು ಹಿಡಿಯುತ್ತೇನೆ.

ಇವತ್ತು ಹುಡುಗಿ ಹಾಗೆ ಕೇಳಿದಾಗ, ಹಳೇ ಅಭ್ಯಾಸ, ಎಡಗೈ ಸೆರಗಿನೊಳಗೆ ಹೊರಟಿತ್ತು. ಹಿಂದಕ್ಕೆ ತಂದು ಎರಡೂ ಕೈಯನ್ನು ಕೌಂಟರಿನ ಮೇಲೆ ಹರಡಿದೆ.

"ಅಲ್ಲ ಕಣಮ್ಮ, ಚರ್ಮದ ಬಣ್ಣ. ನಾನೇ ಹಚ್ಚೋದು."

"ಅಯ್ಯೋ, ಹೋಗಲ್ವಾ ಅದು?"

"ಹೋಗ್ತದೆ. ಶನಿವಾರ ಮತ್ತೆ ಹತ್ತಿಸ್ಕೊಂಡು ಬತ್ತೀನಿ."