ಮೂರನೆಯ ಕೂಗು

ನಡುಮಧ್ಯಾಹ್ನ ಯಾರಾದರೂ ಹೊರಗಿನಿಂದ ಕೂಗಿದರೆ ಮೂರನೆಯ ಕೂಗಿನವರೆಗೆ ಓಗೊಡಬಾರದು. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಮನುಷ್ಯರಲ್ಲದ್ದು ಎರಡಕ್ಕೇ ನಿಲ್ಲಿಸುತ್ತದೆ. ಅಮ್ಮ ಇದನ್ನು ನಮಗೆ ಮಗ್ಗಿಯ ಹಾಗೆ ಕಲಿಸಿದ್ದಳು.

ಅಪ್ಪ ತೀರಿ ವರ್ಷ ತುಂಬಿದ ಮೇಲೆ ಅವಳನ್ನು ಶ್ರೀಲಂಕೆಗೆ ಕರೆದುಕೊಂಡು ಹೋದೆ. ಕೊನೆಯ ದಿನ ಮಧ್ಯಾಹ್ನ ಕಡಲ ದಂಡೆಯ ಹಳೆಯ ಕೋಟೆಗೆ ಹೋದೆವು. ಒಳಗೆ ಹುಲ್ಲು ಬೆಳೆಸಿ ಪಾರ್ಕ್ ಮಾಡಿದ್ದಾರೆ. ಸಿಮೆಂಟ್ ಬೆಂಚು, ದೊಡ್ಡ ಮರಗಳು, ತುಕ್ಕು ಹಿಡಿದ ಫಿರಂಗಿ.

“ಇದಕ್ಕಾ ಇಷ್ಟು ದೂರ ಕರ್ಕೊಂಡು ಬಂದೆ ಕಣ್ಣು? ನಮ್ಮೂರ ಮಿಲ್ಲು ಗೋಡೆ ಇದಕ್ಕಿಂತ ಎತ್ತರ” ಎಂದಳು ಅಮ್ಮ. ನನ್ನನ್ನು ಅವಳು ಕರೆಯುವುದೇ ‘ಕಣ್ಣು’ ಎಂದು.

ಅವಳನ್ನು ಬೆಂಚಿನ ಮೇಲೆ ಕೂರಿಸಿ, ಮನೆಯಿಂದ ತಂದ ನಿಪ್ಪಟ್ಟಿನ ಡಬ್ಬಿ ಕೈಗಿಟ್ಟು ನೀರು ತರಲು ಹೋದೆ. ವಾಪಸ್ಸು ಬಂದಾಗ ಬೆಂಚಿನ ಮೇಲೆ ಡಬ್ಬಿ ಮಾತ್ರ ಇತ್ತು, ಮುಚ್ಚಳ ತೆರೆದಿತ್ತು. ಅಮ್ಮ ಕೋಟೆಯ ಗೋಡೆಯ ಮೇಲೆ, ಕಡಲ ಕಡೆಯ ಅಂಚಿನಲ್ಲಿ ನಿಂತಿದ್ದಳು. ಅಲ್ಲಿ ಕಂಬಿ ಇಲ್ಲ. ಕೆಳಗೆ ಬಂಡೆ. ಗಾಳಿಗೆ ಹುಲ್ಲೆಲ್ಲ ಬಾಗಿತ್ತು, ಅವಳ ಸೆರಗು ಮಾತ್ರ ಅಲುಗುತ್ತಿರಲಿಲ್ಲ. ಓಡಿದರೆ ಬೆಚ್ಚಿಬಿದ್ದಾಳೆಂದು ನಿಂತಲ್ಲಿಂದಲೇ ಕೂಗಿದೆ.

“ಅಮ್ಮಾ.”

ತಿರುಗಲಿಲ್ಲ.

“ಅಮ್ಮಾ!”

ಒಂದು ಹೆಜ್ಜೆ ಮುಂದಿಟ್ಟಳು. ಮೂರನೆಯ ಸಲ ಕೂಗಿದೆ. ಆಗ ತಿರುಗಿದಳು.

“ನೀನಾ?” ಎಂದಳು, ಬೇಸರದಿಂದಲೇ. “ನಿಮ್ಮಪ್ಪ ಕೂಗಿದ್ರು, ‘ಇವಳೇ’ ಅಂತ. ಎರಡು ತಡವೆ ಆಯ್ತು. ಮೂರನೇದಕ್ಕೆ ಕಾಯ್ತಿದ್ದೆ. ನೀ ಬಂದು ಕೆಡಿಸ್ದೆ.”

ನೇಕಾರರಾಗಿದ್ದ ಅಪ್ಪ ಬದುಕಿದ್ದಷ್ಟು ದಿನವೂ ಅವಳನ್ನು ಹೆಸರು ಹಿಡಿದು ಕರೆದವರಲ್ಲ. ನೀರು ಬೇಕಾದರೂ, ಎಳೆ ಕಿತ್ತುಹೋದರೂ, ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ ‘ಇವಳೇ’ ಎನ್ನುತ್ತಿದ್ದರು. ಆ ಕೋಟೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ಆಡುವವರನ್ನು ನಾನು ಕಾಣಲಿಲ್ಲ.

ಊರಿಗೆ ಬಂದೆವು. ನಾವಿರುವ ಗಣಪತಿ ಎಂಬ ಬಡಾವಣೆಯಲ್ಲಿ ನಮ್ಮ ಬೀದಿ ತುಂಬ ಪಂಪ್ ವರ್ಕ್‌ಶಾಪುಗಳು. ಬೆಳಗಿನಿಂದ ಲೇತ್ ಸದ್ದು. ಒಂದು ಗಂಟೆಗೆ ಊಟಕ್ಕೆ ನಿಲ್ಲುತ್ತದೆ. ನಿಂತ ಕೂಡಲೇ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಾಳೆ. ಅದಕ್ಕೇ ನಾನು ಸರಿಯಾಗಿ ಆ ಹೊತ್ತಿಗೆ ಚಟ್ನಿಗೆ ಮಿಕ್ಸಿ ಹಾಕುತ್ತೇನೆ.

“ಸದ್ದು ಮಾಡ್ಬೇಡ ಕಣ್ಣು, ಕೂಗಿದ್ರೆ ಕೇಳ್ಸಲ್ಲ” ಎಂದು ಬೈಯುತ್ತಾಳೆ.

ಮೊನ್ನೆ ಬೆಳಗಿನಿಂದ ಕರೆಂಟ್ ಇರಲಿಲ್ಲ. ಲೇತ್ ಇಲ್ಲ, ಮಿಕ್ಸಿಯೂ ಇಲ್ಲ. ಮಧ್ಯಾಹ್ನ ಅಮ್ಮ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು. ಅವಳ ಗಮನ ಇತ್ತ ತಿರುಗಲೆಂದು ನಾನು ಒಲೆಯ ಮುಂದಿನಿಂದ “ಅಮ್ಮಾ” ಎಂದೆ. ಸ್ವಲ್ಪ ತಡೆದು ಮತ್ತೆ “ಅಮ್ಮಾ” ಎಂದೆ. ಮೂರನೆಯದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅವಳು ಮೊರ ಪಕ್ಕಕ್ಕಿಟ್ಟು ಎದ್ದಳು.

“ಬಂದೆ” ಎಂದಳು, ಬಾಗಿಲಿನ ಕಡೆಗೆ.

ಓಡಿಹೋಗಿ ಅಗುಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಮ್ಮ ಎದುರಿಗೆ ಬಂದು ಮೆಲ್ಲಗೆ ನನ್ನ ಕೈ ಹಿಡಿದಳು.

“ಬಾಗ್ಲು ತೆಗಿ ಕಣ್ಣು. ಪಾಪ, ಬಿಸಿಲಲ್ಲಿ ನಿಂತಿದಾರೆ.”

ಕರೆಂಟ್ ಬಂದು ಲೇತ್ ಸದ್ದು ಮಾಡುವವರೆಗೆ ನಾನು ಅಲ್ಲಿಂದ ಅಲುಗಲಿಲ್ಲ.