ಪಲ್ಲವಿ ಸಿಕ್ಕಿತ್ತು, ಚರಣ ಬೇಕಿತ್ತು

ಕಾಲ ಬದಲಾಗುವಾಗ ಯಾರಿಗೂ ಹೇಳಿ ಕೇಳಿ ಬದಲಾಗುವುದಿಲ್ಲ. ನಮ್ಮ ಮಟ್ಟಿಗೆ ಮಾತ್ರ ಇದು ಸುಳ್ಳು. ಶಿಡ್ಲಘಟ್ಟದಲ್ಲಿ ಕಾಲವು ಬೈಕಿನಲ್ಲಿ ಬಂದು, ಎಂಜಿನ್ ಆರಿಸದೆ, ಒಂದು ಕಾಲನ್ನು ನೆಲಕ್ಕೂರಿ, "ಮಾಸ್ಟ್ರೇ, ಆ ಹೊಸಾ ಹಾಡು ನುಡಿಸ್ತೀರಾ ಇಲ್ವಾ?" ಎಂದು ಕೇಳಿತು.

ಬೈಕಿನ ಮೇಲಿದ್ದವನು ಮದುವೆ ಗಂಡು. ಕೇಳಿಸಿಕೊಂಡವರು ನಮ್ಮ ಬ್ಯಾಂಡ್ ಸೆಟ್ಟಿನ ಮಾಸ್ಟರು, ಟ್ರಂಪೆಟ್ ವಾದಕರು. ಪಕ್ಕದಲ್ಲಿ ಟೀ ಲೋಟ ಹಿಡಿದು ಕೂತಿದ್ದ ಕ್ಲಾರಿನೆಟ್ಟಿನವನು ನಾನು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು.

"ಯಾವ ಹಾಡಪ್ಪ? ಕ್ಯಾಸೆಟ್ ಬಂದೈತಾ?"

"ಕ್ಯಾಸೆಟ್ ಎಲ್ಲಿ ಮಾಸ್ಟ್ರೇ, ಪಿಕ್ಚರೇ ಬಂದಿಲ್ಲ. ಇಂಟರ್ನೆಟ್ಟಲ್ಲಿ ಬಂದೈತೆ."

"ಕ್ಯಾಸೆಟ್ ಬರ್ದೇ ಇರೋ ಹಾಡು ಇನ್ನೂ ಹುಟ್ಟಿಲ್ಲ ಅಂತ ಲೆಕ್ಕ ಕಣಪ್ಪ."

"ಹುಟ್ಟೈತೆ, ನಾನೇ ಕೇಳಿದೀನಿ. ನಿಮ್ ಕೈಲಾಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ಹೆಣ್ಣಿನ ಕಡೆಯೋರು ಗೌರಿಬಿದನೂರಿಂದ ಬ್ಯಾಂಡ್ ತರ್ತಾವ್ರೆ. ಅವ್ರು ಆಗ್ಲೇ ಪ್ರಾಕ್ಟೀಸ್ ಮಾಡ್ತಾವ್ರಂತೆ."

ಬೈಕು ಹೋಯಿತು. ಮಾಸ್ಟರು ಟೀ ಕುಡಿಯಲಿಲ್ಲ.

ಅವರು ಟೀ ಬಿಡುವುದಕ್ಕೆ ಕಾರಣವಿತ್ತು. ಚಿಂತಾಮಣಿ ರಸ್ತೆಯ ದೊಡ್ಡ ಛತ್ರ ಈ ಗಂಡಿನ ಸೋದರಮಾವನದು. ಆ ಛತ್ರದ ಖಾಯಂ ಬ್ಯಾಂಡ್ ನಮ್ಮದು. ಅಲ್ಲಿ ಯಾರದೇ ಮದುವೆಯಾಗಲಿ, ವಾದ್ಯಕ್ಕೆ ನಮಗೇ ಕರೆ ಬರುತ್ತಿತ್ತು. ಹಗಲು ರೇಷ್ಮೆಗೂಡಿನ ಮಾರುಕಟ್ಟೆಯಲ್ಲೋ ಗದ್ದೆಯಲ್ಲೋ ದುಡಿಯುವ ಹನ್ನೆರಡು ಜನರ ಕೆಂಪು ಕೋಟು ಆ ಛತ್ರವನ್ನೇ ನಂಬಿಕೊಂಡಿತ್ತು. ಈಗ ಸೋದರಮಾವ ಹೇಳಿ ಕಳಿಸಿದ್ದ: ಎರಡು ಬ್ಯಾಂಡೂ ಬರಲಿ, ನಮ್ಮ ಹುಡುಗ ಯಾವುದನ್ನು ಒಪ್ಪುತ್ತಾನೋ ಇನ್ನು ಮೇಲೆ ಅದೇ ಖಾಯಂ.

ಹಿಂದೆಲ್ಲ ಹಾಡು ಎಂಬುದು ಮರ್ಯಾದಸ್ಥರ ಹಾಗೆ ಹಂತ ಹಂತವಾಗಿ ಊರಿಗೆ ಬರುತ್ತಿತ್ತು. ಮೊದಲು ರೇಡಿಯೋ, ಆಮೇಲೆ ಚಿಕ್ಕಬಳ್ಳಾಪುರದ ಕ್ಯಾಸೆಟ್ ಅಂಗಡಿ, ಅಲ್ಲಿಂದ ಬಸ್ಸಿನಲ್ಲಿ ನಮ್ಮ ಮಾಸ್ಟರ ಜೇಬು. ಅವರು ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿ ಸ್ವರ ಬರೆಯುತ್ತಿದ್ದರು. ಆಮೇಲೆ ನಾವು ಊದುತ್ತಿದ್ದೆವು. ಚಪ್ಪರದಲ್ಲಿ ಕೂತವರು ಹೊಸ ಹಾಡನ್ನು ಎಷ್ಟೋ ಸಲ ಮೊದಲು ಕೇಳಿದ್ದೇ ನಮ್ಮಿಂದ. ತಪ್ಪಿದರೂ ಅದು ತಪ್ಪೆಂದು ಹೇಳಲು ಯಾರಿಗೂ ಆಧಾರವಿರುತ್ತಿರಲಿಲ್ಲ. ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಮದುವೆ ಗುರುವಾರ. ಸೋಮವಾರ ನಾನು ಚಿಕ್ಕಬಳ್ಳಾಪುರಕ್ಕೆ ಹೋದೆ. "ಬರೋ ವಾರ ಅಣ್ಣ" ಎಂದ ಕ್ಯಾಸೆಟ್ ಅಂಗಡಿಯವನು. ಬರುವ ವಾರ ಗಂಡು ಹೆಂಡತಿಯ ಮನೆಯಲ್ಲಿ ಹಬ್ಬದೂಟ ಮಾಡುತ್ತಿರುತ್ತಾನೆ.

ಮಂಗಳವಾರ ಮಾಸ್ಟರೂ ನಾನೂ ಟೇಪ್ ರೆಕಾರ್ಡರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋದೆವು. ಮಾಸ್ಟರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟರು. ಸೈಬರಿನವನು ಒಬ್ಬ ತೆಳ್ಳನೆಯ ಯುವಕ. ಹಾಡಿನ ಹೆಸರು ಕೇಳಿ, ಏನೋ ಒತ್ತಿ, "ಬರ್ತಾಯ್ತೆ, ಕೂತ್ಕಳಿ" ಎಂದ.

ಪರದೆಯ ಮೇಲೆ ಒಂದು ನೀಲಿ ಪಟ್ಟಿ ಇತ್ತು. ಅದು ಬಲಕ್ಕೆ ಸರಿಯಬೇಕು, ಪೂರ್ತಿ ಸರಿದರೆ ಹಾಡು ಬಂದ ಹಾಗೆ. ರೇಷ್ಮೆಹುಳ ಸೊಪ್ಪು ತಿನ್ನುವುದನ್ನು ನೋಡಿ ಬೆಳೆದವರು ನಾವು, ನಿಧಾನ ಎಂದರೆ ಏನೆಂದು ತಿಳಿದವರು. ಆದರೂ ಆ ಪಟ್ಟಿಯ ಮುಂದೆ ನನಗೆ ಬೆವರು ಬಂತು. ಅರ್ಧ ಸರಿದಿತ್ತು. ಅಷ್ಟರಲ್ಲಿ ಹಿಂದಿನ ಮನೆಯಲ್ಲಿ ಸೈಬರಿನವನ ತಾಯಿ ಅದೇ ಲೈನಿನ ಇನ್ನೊಂದು ಫೋನೆತ್ತಿದರು. ಇಂಟರ್ನೆಟ್ ಕಡಿದು ಪಟ್ಟಿ ಅಳಿಸಿಹೋಯಿತು.

"ಅಮ್ಮಾ! ಫೋನ್ ಮುಟ್ಬೇಡ ಅಂತ ಹೇಳಿಲ್ವೇನೇ!"

"ನಿಮ್ಮತ್ತೆಗೆ ಒಂದ್ ಮಾತು ಹೇಳೋದಿತ್ತು ಕಣೋ," ಎಂದು ಒಳಗಿನಿಂದ ಉತ್ತರ ಬಂತು. "ನಿನ್ ಹಾಡೇನು ಓಡೋಗ್ತದಾ?"

ಮತ್ತೆ ಮೊದಲಿಂದ. ಮಾಸ್ಟರು ಎದ್ದು ಹೋಗಿ ಆ ತಾಯಿಯ ಬಾಗಿಲಲ್ಲಿ ಕೈ ಮುಗಿದು ನಿಂತರು. ಹಾಡು ಇಳಿಯುವವರೆಗೆ ಅಲ್ಲಿಂದ ಕದಲಲಿಲ್ಲ. ಆಕೆ ಇವರು ಚಂದಾ ಕೇಳಲು ಬಂದವರೆಂದು ತಿಳಿದು ಮುಖ ತಿರುಗಿಸಿ ಕೂತರು. ಫೋನಂತೂ ಮುಟ್ಟಲಿಲ್ಲ.

ಕೊನೆಗೆ ಹಾಡು ಬಂತು. ನಾನು ಟೇಪ್ ರೆಕಾರ್ಡರನ್ನು ಸ್ಪೀಕರಿನ ಬಾಯಿಗೆ ಹಿಡಿದೆ. ಪಲ್ಲವಿ ಚೆನ್ನಾಗಿತ್ತು. ಎರಡನೆಯ ಸಲ ಹಾಡಿ, ತಬಲಾ ಮೇಲೇರಿ, ಗಾಯಕ ಚರಣಕ್ಕೆ ಉಸಿರೆಳೆದುಕೊಂಡ. ಅಲ್ಲಿಗೆ ನಿಂತಿತು.

"ಮುಂದೆ?" ಎಂದರು ಮಾಸ್ಟರು.

"ಅಷ್ಟೇ ಇರೋದು. ಸ್ಯಾಂಪಲ್ಲಿಗೆ ಅಂತ ಒಂದ್ ನಿಮಿಷ ಬಿಟ್ಟವ್ರೆ. ಪೂರ್ತಿ ಬೇಕಂದ್ರೆ ಕ್ಯಾಸೆಟ್ ತಗೋಬೇಕು."

ಬುಧವಾರ ಅಭ್ಯಾಸದ ಹೊತ್ತಿಗೆ ಹನ್ನೆರಡು ಜನರೂ ಮಾಸ್ಟರ ಬಾಯಿಯನ್ನೇ ನೋಡುತ್ತಿದ್ದೆವು. ಅವರು ತೀರ್ಮಾನ ಹೇಳಿದರು: ಚರಣವನ್ನು ತಾವೇ ಕಟ್ಟುವುದು.

"ಪಲ್ಲವೀನೇ ಇನ್ನೆರಡು ಸಲ ಜೋರಾಗಿ ಹೊಡೆದ್ಬಿಡಣ ಮಾಸ್ಟ್ರೇ," ಎಂದೆ ನಾನು. "ಕುಣಿಯೋರಿಗೆ ಚರಣ ಯಾತಕ್ಕೆ?"

"ಚರಣ ಇಲ್ದಿರೋ ಹಾಡು ಅಂದ್ರೆ ರುಂಡ ಇಲ್ದಿರೋ ಗಂಡು ಕಣೋ. ಮೆರವಣಿಗೇಲಿ ಕೂರಿಸ್ತೀಯಾ?"

ಕಟ್ಟಿದರು. ಸುಂದರವಾಗಿ ಕಟ್ಟಿದರು ಎಂದು ಇವತ್ತೂ ಹೇಳುತ್ತೇನೆ. ಬಾಲ್ಯದಲ್ಲಿ ಭಜನೆಯಲ್ಲಿ ಕಲಿತದ್ದೆಲ್ಲ ಅದರಲ್ಲಿತ್ತು. ನನಗೆ ಹೆದರಿಕೆಯಾದದ್ದೂ ಅದಕ್ಕೇ.

ಗುರುವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಗಂಡಿನ ಮೆರವಣಿಗೆ ಛತ್ರದ ಬಾಗಿಲಿಗೆ ಬಂತು. ಹೆಣ್ಣಿನ ಕಡೆಯವರು ಎದುರುಗೊಳ್ಳಲು ನಿಂತಿದ್ದರು. ಅವರ ಹಿಂದೆ ನೀಲಿ ಕೋಟು ತೊಟ್ಟ ಗೌರಿಬಿದನೂರಿನವರು. ನಡುವೆ ಸೋದರಮಾವ ಕುರ್ಚಿ ಹಾಕಿಸಿಕೊಂಡಿದ್ದ. ಗಂಡು ಕಾರಿನಿಂದ ತಲೆ ಹೊರಹಾಕಿ ಬೆರಳು ತೋರಿಸಿದ. ಆ ಹಾಡು.

ನಾವು ಎತ್ತಿದೆವು. ಅವರೂ ಎತ್ತಿದರು. ಪಲ್ಲವಿ ಎರಡೂ ಕಡೆ ಒಂದೇ. ಗಂಡಿನ ಸ್ನೇಹಿತರು ಧೂಳೆದ್ದು ಹೋಗುವ ಹಾಗೆ ಕುಣಿದರು. ಚರಣ ಹತ್ತಿರವಾದಷ್ಟೂ ನನ್ನ ಭಯ ಹೆಚ್ಚುತ್ತಿತ್ತು. ಎದುರಿನ ಮಾಸ್ಟರನ ಮುಖ ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲೂ ಅದೇ ಭಯವಿತ್ತು. ಅವನ ಹತ್ತಿರವೂ ಒಂದೇ ನಿಮಿಷ ಇದೆ ಎಂದು ಆಗ ಗೊತ್ತಾಯಿತು.

ಉಸಿರೆಳೆದುಕೊಳ್ಳುವ ಜಾಗ ಬಂತು. ನಾವು ಚರಣಕ್ಕೆ ಹೋದೆವು. ಗೌರಿಬಿದನೂರಿನವರು ಪಲ್ಲವಿಯನ್ನೇ ಇಮ್ಮಡಿ ವೇಗದಲ್ಲಿ ಹೊಡೆದರು. ಕುಣಿಯುತ್ತಿದ್ದವರು ಇಬ್ಬರ ನಡುವೆ ಕಾಲೆತ್ತಿಕೊಂಡು ನಿಂತುಬಿಟ್ಟರು.

"ನಿಲ್ಸಿ, ನಿಲ್ಸಿ!" ಎಂದ ಸೋದರಮಾವ. "ಲೇ, ಯಾವ್ದೋ ಸರಿ? ನೀನು ತಾನೇ ಕೇಳಿರೋನು?"

ಗಂಡು ಕಾರಿನೊಳಗೆ ಪೇಟ ಸರಿಮಾಡಿಕೊಂಡ. "ಮಾವ, ನಾನು ಕೇಳಿದ್ದು ಮೊದಲ್ನೇ ನಿಮಿಷ. ಆಮೇಲೆ ನಿಂತ್ಹೋಗುತ್ತೆ."

"ಒಂದ್ ನಿಮಿಷಕ್ಕೆ ಇವರೆಲ್ಲರ ಪ್ರಾಣ ತಿಂದ್ಯೇನೋ!" ಸೋದರಮಾವ ನಮ್ಮ ಕಡೆ ತಿರುಗಿದ. "ಆಯ್ತು, ಒಬ್ಬೊಬ್ರಾಗಿ ನುಡಿಸ್ರಿ. ನೀವು ಮೊದಲು."

ಮಾಸ್ಟರು ಕಣ್ಣು ಮುಚ್ಚಿ ಟ್ರಂಪೆಟ್ ಎತ್ತಿದರು. ನಾನು ಅವರ ಹಿಂದೆ ಹೋದೆ. ಒಂದು ಸ್ವರವೂ ತಪ್ಪಲಿಲ್ಲ. ಹುಡುಗರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಕಳಶ ಹಿಡಿದಿದ್ದ ಅಜ್ಜಿಯೊಬ್ಬರು ಕಣ್ಣು ಒರೆಸಿಕೊಂಡು, ಯಾವ ದೇವರೆಂದು ತಿಳಿಯದಿದ್ದರೂ, ಕೈ ಮುಗಿದರು. ಆ ಕ್ಷಣ ನಾವು ಸೋತೆವೆಂದು ನನಗೆ ಖಚಿತವಾಯಿತು.

ಆಮೇಲೆ ಗೌರಿಬಿದನೂರಿನವರು ಹೊಡೆದರು. ಗಂಡೇ ಕಾರಿನಿಂದ ಇಳಿದು ಕುಣಿದ.

ಅವರ ಮಾಸ್ಟರ್ ಬಂದು ನಮ್ಮವರ ಕೈ ಹಿಡಿದುಕೊಂಡು, "ಮೀ ಚರಣಂ ಬಾಗುಂದಿ ಸಾರ್, ನಿಜಂಗಾ," ಎಂದು, ನಿಮ್ಮ ಚರಣ ನಿಜವಾಗಿಯೂ ಚೆನ್ನಾಗಿದೆ ಎಂಬುದನ್ನು ತೆಲುಗಿನಲ್ಲಿ ಹೇಳಿದ. ನಮ್ಮವರು ತೆಲುಗಿನಲ್ಲೇ ಥ್ಯಾಂಕ್ಸ್ ಹೇಳಲು ಹೋಗಿ, ಕೊನೆಗೆ ಅವನ ಬೆನ್ನು ತಟ್ಟಿದರು.

ಮುಂದಿನ ವಾರ ಕ್ಯಾಸೆಟ್ ಬಂತು. ಅದರಲ್ಲಿದ್ದ ಚರಣ ಅವರದೂ ಅಲ್ಲ, ನಮ್ಮದೂ ಅಲ್ಲ. ಆ ತಿಂಗಳಿಂದ ಛತ್ರದ ಖಾಯಂ ಬ್ಯಾಂಡ್ ಗೌರಿಬಿದನೂರಿನವರದಾಯಿತು.